ಹಾಡು ಬ್ಯಾಡ್ರಿ, ಮಾತು ಕೇಳ್ರಿ

ನಮ್ಮ ರೇಡಿಯೋದವರ ಲೆಕ್ಕದಲ್ಲಿ ಕೇಳುಗ ಅಂದರೆ ಹಾಡು ಬೇಡುವವನು. ಇಲ್ಲವೇ ಮಂಡಿನೋವಿಗೆ ಮದ್ದು ಕೇಳುವವನು, ಮೆಣಸಿನ ಗಿಡದ ಎಲೆ ಮುದುರಿದರೆ ಏನು ಹೊಡೀಬೇಕು ಅಂತ ವಿಚಾರಿಸುವವನು. ಮದ್ದು ಬೇಕು, ಬೆಳೆಗೆ ಸಲಹೆಯೂ ಬೇಕು, ನನ್ನ ತಕರಾರಿಲ್ಲ. ಆದರೆ ಫೋನ್ ಹಚ್ಚಿದ ಮನುಷ್ಯನಿಗೆ ಒಂದು ಸಿಟ್ಟು ಇರಬಹುದು, ಒಂದು ಅಭಿಪ್ರಾಯ ಇರಬಹುದು ಎಂಬುದು ಇವರಿಗೆ ಹೊಳೆದೇ ಇಲ್ಲ. ಒಮ್ಮೆ ಒಂದು ಎಫ್‌ಎಂ ಕೇಂದ್ರಕ್ಕೆ (ಹೆಸರು ಬೇಡ) ಫೋನ್ ಹಚ್ಚಿ ಫುಟ್‌ಬಾಲ್ ಬಗ್ಗೆ ಎರಡು ಮಾತು ಹೇಳಬೇಕಿತ್ತು ಅಂದೆ. "ವಾವ್ ಸರ್! ಊಟ ಆಯ್ತಾ? ಯಾವ ಹಾಡು ಬೇಕು? ಯಾರಿಗೆ ಡೆಡಿಕೇಟ್ ಮಾಡ್ತೀರಾ?" ಅಂದಳು ಆ ಹುಡುಗಿ.

ಕಂಪನಿ ಕೆಲಸದ ಮೇಲೆ ಇಂಗ್ಲೆಂಡಿನಲ್ಲಿ ಆರು ತಿಂಗಳಿದ್ದೆ. ಅಲ್ಲಿ ಬಿಬಿಸಿಯ '606' ಕೇಳಿದೆ. 1991ರಲ್ಲಿ ಶುರುವಾದದ್ದು. ಹೆಸರಿನಲ್ಲಿ ಗುಟ್ಟೇನಿಲ್ಲ, ಶನಿವಾರ ಸಂಜೆ ಆರು ಗಂಟೆ ಆರು ನಿಮಿಷಕ್ಕೆ ಆರಂಭ, ಅಷ್ಟೇ. ಮೂರು ಗಂಟೆಯ ಪಂದ್ಯಗಳು ಐದರ ಸುಮಾರಿಗೆ ಮುಗಿದಿರುತ್ತವೆ. ಸೋತವರು ಕಾರಿನಲ್ಲಿ ಮನೆಯ ದಾರಿ ಹಿಡಿದಿರುತ್ತಾರೆ, ಹೊಟ್ಟೆಯಲ್ಲಿ ಬೆಂಕಿ. ಫೋನು ಬರತೊಡಗುತ್ತವೆ. ಕೋಚನ್ನು ನಾಳೆಯೇ ಓಡಿಸಿ ಅನ್ನುವ ಲಾರಿ ಡ್ರೈವರ್, ಟಿಕೆಟ್ ದರ ಏರಿಸಿದ ಮಾಲೀಕನ ಜನ್ಮ ಜಾಲಾಡುವ ಅಜ್ಜಿ. ನಿರೂಪಕ ಎದುರು ವಾದಿಸುತ್ತಾನೆ. ಮುಂದಿನ ಕೇಳುಗ ಇಬ್ಬರನ್ನೂ ಝಾಡಿಸುತ್ತಾನೆ. 1992ರಲ್ಲಿ ಮಂತ್ರಿಗಿರಿ ಬಿಟ್ಟ ಡೇವಿಡ್ ಮೆಲ್ಲರ್ ಇದರ ನಿರೂಪಕರಾಗಿದ್ದರು. ಕುರ್ಚಿ ಹೋದ ಮಂತ್ರಿಯನ್ನು ಜನರ ಬೈಗುಳ ಕೇಳಲು ಕೂರಿಸುವ ಈ ಪದ್ಧತಿ ನಮ್ಮಲ್ಲೂ ಬಂದರೆ ಅಭ್ಯರ್ಥಿಗಳಿಗೇನೂ ಕೊರತೆಯಿಲ್ಲ. ಕೂಗಾಟ, ಅತಿರೇಕ ಎಲ್ಲ ಅಲ್ಲೂ ಇದೆ. ಮೊದಲ ನಿರೂಪಕ ಡ್ಯಾನಿ ಬೇಕರ್ ರೆಫರಿಯೊಬ್ಬರ ಮೇಲೆ ಹರಿಹಾಯ್ದು 1997ರಲ್ಲಿ ಕೆಲಸ ಕಳಕೊಂಡರು. ಕಾರ್ಯಕ್ರಮ ಮಾತ್ರ ನಿಲ್ಲಲಿಲ್ಲ.

"ಚೆಂಡಿನ ಗದ್ದಲ ನಮಗ್ಯಾಕ್ರಿ?" ಅನ್ನುತ್ತಾರೆ ಚಿಂಚವಾಡದ ನನ್ನ ಕನ್ನಡ ಗೆಳೆಯರು. ಯಾಕಂದರೆ, ವಾಕಡ್ ದಾಟಿದರೆ ಹೊಳೆಯಾಚೆ ಬಾಲೇವಾಡಿ ಕ್ರೀಡಾಂಗಣ. 2018ರ ಮಾರ್ಚ್ 7ರಂದು ಅಲ್ಲಿ ಎಫ್‌ಸಿ ಪುಣೆ ಸಿಟಿಗೂ ಬೆಂಗಳೂರು ಎಫ್‌ಸಿಗೂ ಐಎಸ್‌ಎಲ್ ಸೆಮಿಫೈನಲ್. ಗೋಲೇ ಆಗಲಿಲ್ಲ. ನಾಲ್ಕು ದಿನದ ಮೇಲೆ ಬೆಂಗಳೂರಿನಲ್ಲಿ ಸುನಿಲ್ ಛೆಟ್ರಿ ಮೂರು ಹೊಡೆದರು, 3-1. ಮರುದಿನ ಕಂಪನಿ ಬಸ್ಸಿನಲ್ಲಿ ಮರಾಠಿ ಗೆಳೆಯರ ಎದುರು ನಾನು ಬೀಗಿದ್ದೇ ಬೀಗಿದ್ದು. ಮರುವರ್ಷ ಆ ಪುಣೆ ತಂಡವೇ ಇಲ್ಲ! ಅದರ ಜಾಗಕ್ಕೆ ಹೈದರಾಬಾದಿನದು ಬಂತು. ಅದೂ 2025ರಲ್ಲಿ ದೆಹಲಿಗೆ ಗುಳೆ ಹೋಯಿತು. ಅದಕ್ಕೂ ಮೊದಲು ಭಾರತ್ ಎಫ್‌ಸಿ ಇದೇ ಬಾಲೇವಾಡಿಯಲ್ಲಿ 2014-15ರ ಐ-ಲೀಗ್ ಒಂದೇ ಋತು ಆಡಿ ಕಣ್ಮುಚ್ಚಿತ್ತು. ಪಿಂಪ್ರಿಯಲ್ಲಿ ಕಾರ್ಖಾನೆ ಮುಚ್ಚಿದರೆ ಗೇಟಿನೆದುರು ಯೂನಿಯನ್ ಕೂರುತ್ತದೆ. ತಂಡ ಮುಚ್ಚಿದರೆ ಟಿಕೆಟ್ ಕೊಂಡವನು ಎಲ್ಲಿ ಕೂರಬೇಕು? ಅವನಿಗೆ ಯೂನಿಯನ್ ಇಲ್ಲ, ಗೇಟೂ ಇಲ್ಲ.

ಬೆಂಗಳೂರಿನವರು ನಗಬೇಡಿ. ಲೀಗಿನ ಒಪ್ಪಂದದ ಜಗ್ಗಾಟದಲ್ಲಿ 2025ರ ಋತು ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ಆ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ ಸಂಬಳವನ್ನೇ ನಿಲ್ಲಿಸಿತು. ಮಾಲೀಕರ ಹೇಳಿಕೆ ಬಂತು, ಫೆಡರೇಶನ್ನಿನ ಹೇಳಿಕೆ ಬಂತು. ಸ್ಟ್ಯಾಂಡಿನಲ್ಲಿ ಗಂಟಲು ಹರಕೊಂಡವನ ದನಿ ಮಾತ್ರ ಕನ್ನಡದ ಯಾವ ಬಾನುಲಿಯಲ್ಲೂ ನನ್ನ ಕಿವಿಗೆ ಬೀಳಲಿಲ್ಲ.

ಫುಟ್‌ಬಾಲ್ ನಮ್ಮ ಆಟವೇ ಅಲ್ಲ ಅನ್ನುವ ಜಾಣರಿದ್ದಾರೆ. ಮೈಸೂರು ರಾಜ್ಯದ ತಂಡ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿದ್ದು ಇವರಿಗೆ ಗೊತ್ತಿಲ್ಲ. 1968-69ರ ಬಳಿಕ ಆ ಟ್ರೋಫಿ ನಮಗೆ ಮತ್ತೆ ಸಿಕ್ಕಿದ್ದು 2023ರ ಮಾರ್ಚ್ 4ರಂದು, ದೂರದ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಹಿಂದಿನ ರಾತ್ರಿಯಷ್ಟೇ ಬೆಂಗಳೂರಿನಲ್ಲಿ ಕೇರಳ ಬ್ಲಾಸ್ಟರ್ಸ್‌ನವರು ಇನ್ನೂ ಗೋಡೆ ಕಟ್ಟಿ ನಿಲ್ಲುವ ಮುಂಚೆ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದ್ದರು. ಕೇರಳದವರು ಮೈದಾನ ಬಿಟ್ಟೇ ನಡೆದಿದ್ದರು. ಒಂದು ರಾತ್ರಿ ಆ ರಂಪ, ಮರುದಿನ ಶನಿವಾರ ಐದು ದಶಕದ ಮೇಲೆ ಟ್ರೋಫಿ. ಇಂಥ ಶನಿವಾರ ಮತ್ತೆ ಸಿಗುತ್ತದೇನು? ನಮ್ಮ ಫ್ಲಾಟಿನ ಮಲಯಾಳಿ ನರ್ಸ್ ತನ್ನೂರಿಗೆ ಫೋನ್ ಹಚ್ಚಿ ಒಂದು ತಾಸು ಮಲಯಾಳದಲ್ಲಿ ಬೈದಳು. ನಾನು ಯಾರಿಗೆ ಹಚ್ಚಲಿ? ಮರಾಠಿ ನನಗೆ ಚೆನ್ನಾಗಿ ಬರುತ್ತದೆ. ಬಾಡಿಗೆ ಮಾತಾಡಲು, ಸೂಪರ್‌ವೈಸರ್ ಹತ್ತಿರ ರಜೆ ಕೇಳಲು ಸಾಕಾಗುವಷ್ಟು. ಸಿಟ್ಟು ಬಂದಾಗ ಅದು ಸಾಲದು. ಪರವೂರಿನಲ್ಲಿದ್ದವನಿಗೆ ಜಗಳಕ್ಕಾದರೂ ತನ್ನ ಭಾಷೆ ಬೇಕು.

ಕಾನೂನು ಅಡ್ಡ ಬರುತ್ತದೆ ಅನ್ನುವುದೂ ನೆಪ. ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವಂತಿಲ್ಲ, ನಿಜ. ಆದರೆ 2011ರ ನೀತಿ ಕ್ರೀಡೆಯ ಮಾಹಿತಿಗೆ ಅಡ್ಡಿ ಮಾಡಿಲ್ಲ. ಸ್ಥಳೀಯ ಪಂದ್ಯದ ನೇರ ವೀಕ್ಷಕ ವಿವರಣೆಗೂ ಅವಕಾಶ ಕೊಟ್ಟಿದೆ. ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತಲ್ಲ, ಅದು ಯಾವ ಮೊಕದ್ದಮೆಯಲ್ಲಿ ಗೊತ್ತೇ? ಕ್ರಿಕೆಟ್ ಪಂದ್ಯಗಳ ಪ್ರಸಾರದ ಜಗಳದಲ್ಲಿ, ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ. ಆಟದಿಂದ ಹುಟ್ಟಿದ ಹಕ್ಕು ಅದು, ಆಟ ನೋಡುವವನಿಗೇ ದಕ್ಕಿಲ್ಲ.

ರೇಡಿಯೋ ಸತ್ತಿದೆ ಅಂತಲೂ ಹೇಳಬೇಡಿ. ಧಾರವಾಡ ಆಕಾಶವಾಣಿ 1950ರಿಂದ ಇದೆ. ಅದೀಗ ಪ್ರಸಾರ ಭಾರತಿಯ ಆ್ಯಪಿನಲ್ಲಿ ಚಿಂಚವಾಡದ ನನ್ನ ಅಡುಗೆಮನೆಗೂ ಬರುತ್ತದೆ, ಗೊರಗೊರ ಸದ್ದಿಲ್ಲದೆ. ಶನಿವಾರ ಸಂಜೆ ಒಂದು ತಾಸು ಕೊಡಿ. ಬೆಳಗಾವಿಯವರೂ ಮಾತಾಡಲಿ, ಬೆಂಗಳೂರಿನ ಆಸ್ಟಿನ್ ಟೌನಿನವರೂ ಮಾತಾಡಲಿ, ಸೆಕೆಂಡ್ ಶಿಫ್ಟಿನ ನಡುವೆ ಚಹಾಕ್ಕೆ ಎದ್ದ ನಮ್ಮಂಥವರೂ ಮಾತಾಡಲಿ. ಆ ಫ್ರೀ ಕಿಕ್ ಸರಿಯೋ ತಪ್ಪೋ ಅಂತ ಶುರುಮಾಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ. ನಂಬರ್ ಹೇಳುವಾಗ ಮಾತ್ರ ಎಸ್‌ಟಿಡಿ ಕೋಡ್ ಸೇರಿಸಿ ಹೇಳ್ರಿ. ಅದನ್ನು ನುಂಗಿಯೇ ಹೇಳುವ ಚಾಳಿ ನಿಮಗೆ ಮೊದಲಿಂದ ಇದೆ.