ವಯಸ್ಸು ಕೇಳುವವರಿಗೆ

2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರಿನ ಗಣಿಗಳಲ್ಲಿ ಕೆಲಸ ಕಳೆದುಕೊಂಡವರನ್ನು ಮತ್ತೆ ಕರೆಯಿರಿ ಎಂದರೆ ಸಾಕು, 'ಐವತ್ತು ದಾಟಿದವರನ್ನು ಕಟ್ಟಿಕೊಂಡು ಗಣಿ ನಡೆಸೋಕಾಗುತ್ತಾ ಸಾರ್?' ಎನ್ನುತ್ತಾರೆ. ಹೊಸಪೇಟೆಯ ಚಹಾದಂಗಡಿಯಲ್ಲೂ ಅದೇ ಮಾತು, ಗುತ್ತಿಗೆದಾರರ ಬಾಯಲ್ಲೂ ಅದೇ.

ವಯಸ್ಸಾದವರ ಕೈಲಿ ಆಗದೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಕಂಪ್ಲಿಯ ಭತ್ತದ ರೈತರು ಕಂಗಾಲಾದರು. ಆಗ ಕರೆಸಿದ್ದು ಎಪ್ಪತ್ತು ದಾಟಿದ, ಎಂದೋ ನಿವೃತ್ತರಾದ ಕನ್ನಯ್ಯ ನಾಯ್ಡು ಅವರನ್ನು. ರಭಸದ ನೀರಿಗೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ವಾರದೊಳಗೆ ಅವರ ತಂಡ ನೀರು ನಿಲ್ಲಿಸಿತು. ಅಂದು ಅವರ ವಯಸ್ಸು ಅಡ್ಡ ಬರಲಿಲ್ಲ.

ಅವರು ಎಂಜಿನಿಯರು, ಇವರು ಸುತ್ತಿಗೆ ಹಿಡಿದು ಅದಿರು ಒಡೆದವರು ಎನ್ನುತ್ತೀರಿ. ಆಗಲಿ. ಗಣಿ ನಿಯಮಾವಳಿಯಲ್ಲೇ ವೈದ್ಯಕೀಯ ತಪಾಸಣೆ ಇದೆಯಲ್ಲ: ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೊಮ್ಮೆಯಾದರೂ. ಡಾಕ್ಟರು ಆಗದು ಎಂದರೆ ಒಪ್ಪೋಣ. ಆಧಾರ್ ಕಾರ್ಡು ನೋಡಿ ಮೇಸ್ತ್ರಿ ಹೇಳಿದರೆ ಯಾಕೆ ಒಪ್ಪಬೇಕು?

'ವಯಸ್ಸಿನ ತಾರತಮ್ಯಕ್ಕೆ ಕಾನೂನೇ ಇಲ್ಲ' ಎಂಬುದು ಅರ್ಧ ಸತ್ಯ. ಖಾಸಗಿ ಕೆಲಸಕ್ಕೆ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಸಂವಿಧಾನದ 16(2)ನೇ ವಿಧಿಯ ಪಟ್ಟಿಯಲ್ಲೂ ವಯಸ್ಸು ಇಲ್ಲ. ಆದರೆ 1947ರ ಕೈಗಾರಿಕಾ ವಿವಾದ ಕಾಯ್ದೆ ಏನು ಹೇಳುತ್ತಿತ್ತು? ಆಳು ಕಡಿಮೆ ಮಾಡುವಾಗ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಮೀರುವುದಾದರೆ ಮಾಲೀಕ ಕಾರಣ ಬರೆದಿಡಬೇಕು. ಮತ್ತೆ ಆಳು ಬೇಕಾದಾಗ ಹಾಗೆ ಕಳಿಸಿದವರಿಗೇ ಆದ್ಯತೆ. ಅಂದರೆ ಕಾನೂನು ಹಳಬರ ಪರವೇ ನಿಂತಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ ಮರುನೇಮಕದ ಈ ಹಕ್ಕನ್ನು ಒಂದು ವರ್ಷಕ್ಕೆ ಕತ್ತರಿಸಿದೆ, ನಿಜ. ಆದರೆ 2011ರಲ್ಲಿ ಮನೆ ಸೇರಿದವರು ಹಳೆಯ ಕಾಯ್ದೆಯ ಕಾಲದವರು.

ಅಕ್ರಮದ ಪ್ರಮಾಣ ನೋಡಿ ಸುಪ್ರೀಂ ಕೋರ್ಟ್ ಗಣಿಗಳನ್ನು ಮೂರು ದರ್ಜೆ ಮಾಡಿತ್ತು. ಅತಿ ಹೆಚ್ಚು ಅಕ್ರಮದ 'ಸಿ' ದರ್ಜೆಯ ಗಣಿ ಹರಾಜಿನಲ್ಲಿ ಹಿಡಿದವರು ಹೊಸ ಮಾಲೀಕರು, ಅವರಿಗೆ ಈ ಹೊಣೆ ಇಲ್ಲ ಎಂಬ ವಾದದಲ್ಲಿ ಹುರುಳಿದೆ. ಅಲ್ಲಿ ಕಾನೂನು ನಮ್ಮ ಕೈ ಬಿಡುತ್ತದೆ. ಆದರೆ 'ಎ', 'ಬಿ' ದರ್ಜೆಯ ಗಣಿಗಳು ಹಳೆಯ ಮಾಲೀಕರ ಕೈಯಲ್ಲೇ ಮತ್ತೆ ಬಾಗಿಲು ತೆರೆದವಲ್ಲ, ಅವರ ಉತ್ತರವೇನು?

ಹಿರಿಯರು ಹುಡುಗರ ಅನ್ನ ಕಸಿಯುತ್ತಾರಂತೆ! ಸಂಡೂರಿನ ಕೂಲಿ ನುಂಗಿದ್ದು ಹಿಟಾಚಿ ಯಂತ್ರ, ಅಪ್ಪಂದಿರಲ್ಲ.

ಇನ್ನು 'ಪಿಂಚಣಿ ಬರುತ್ತಲ್ಲ' ಎನ್ನುವವರಿಗೆ: ಪಿಎಫ್ ಯೋಜನೆಯ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾದದ್ದು 2014ರಲ್ಲಿ. ಅದಕ್ಕೂ ಪಿಎಫ್ ನಂಬರು ಬೇಕು, ಹತ್ತು ವರ್ಷದ ಸೇವೆ ಬೇಕು. ಗುತ್ತಿಗೆಯಲ್ಲಿ ದುಡಿದ ಎಷ್ಟೋ ಹೆಣ್ಣುಮಕ್ಕಳಿಗೆ ನಂಬರೇ ಇಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಹಾಜರಿ ಚೀಟಿ, ಗಣಿಯ ತರಬೇತಿ ಸರ್ಟಿಫಿಕೇಟು, ಸಂಬಳದ ಚೀಟಿ ಏನಿದ್ದರೂ ಟ್ರಂಕಿನಿಂದ ತೆಗೆದಿಡಿ. ಗಣಿ ಕಾರ್ಮಿಕರ ತಕರಾರು ಬರುವುದು ಕೇಂದ್ರ ಕಾರ್ಮಿಕ ಇಲಾಖೆಗೆ. ರಾಜ್ಯದ ಲೇಬರ್ ಆಫೀಸಿಗೆ ಅಲೆದು ಬಸ್ ಚಾರ್ಜು ಕಳೆಯಬೇಡಿ.