ಸ್ನೇಹವೂ ಪಾಲುಗಾರಿಕೆಯೂ

ನಾಲ್ಕಾರು ಮಂದಿ ಮಿತ್ರರು ಸಂಜೆಯ ಹೊತ್ತು ಒಂದೆಡೆ ಕಲೆತಾಗ, ನಾವೇ ಒಂದು ಬಾರನ್ನು ಕೊಂಡು ನಡೆಯಿಸಿದರೆ ಹೇಗೆಂಬ ಮಾತು ಹುಟ್ಟುವುದು ಅಪೂರ್ವವೇನಲ್ಲ. ಇಂತಹ ಸಂಕಲ್ಪಗಳಲ್ಲಿ ಹೆಚ್ಚಿನವು ಬೆಳಗಾಗುವುದರೊಳಗೆ ಅಳಿದುಹೋಗುವುವು. ಅಳಿಯದೆ ಉಳಿದವುಗಳಲ್ಲಿ ಮಾತ್ರ ಮೂಲಧನದೊಡನೆ ಬಹುಕಾಲದ ಮೈತ್ರಿಯೂ ಪಣಕ್ಕೊಡ್ಡಲ್ಪಡುತ್ತದೆ. ಮದ್ಯವ್ಯಾಪಾರವು ಸ್ತುತ್ಯವೆಂದು ಸಾರುವುದು ನಮ್ಮ ಉದ್ದೇಶವಲ್ಲ. ಮದ್ಯಪಾನ ನಿಷೇಧಕ್ಕಾಗಿ ಯತ್ನಿಸಬೇಕೆಂದು ಸಂವಿಧಾನದ 47ನೆಯ ಅನುಚ್ಛೇದವು ಸರ್ಕಾರಕ್ಕೆ ನಿರ್ದೇಶಿಸಿರುವುದನ್ನು ನಾವು ಮರೆತಿಲ್ಲ. ಆದರೆ ಆ ವ್ಯಾಪಾರವು ಶಾಸನಸಮ್ಮತವಾಗಿ ನಡೆಯುತ್ತಿರುವವರೆಗೆ, ಅದರಲ್ಲಿ ತಮ್ಮ ಗಳಿಕೆಯನ್ನು ತೊಡಗಿಸುವವರ ಹಿತಾಹಿತಗಳನ್ನು ವಿಚಾರಿಸುವುದು ಅನುಚಿತವಾಗದು.

ಇಂತಹ ಯತ್ನವು ಕೈಗೂಡಿದ ನಿದರ್ಶನಗಳು ಇಂಗ್ಲೆಂಡಿನಲ್ಲಿವೆ. ಅಲ್ಲಿಯ ಹಳ್ಳಿಗಳಲ್ಲಿ ಪಾನಗೃಹವು ಕೇವಲ ಕುಡಿಯುವ ಸ್ಥಳವಲ್ಲ. ನಮ್ಮ ಊರುಗಳ ಅರಳಿಕಟ್ಟೆಯಂತೆ ಅದು ಜನರು ಕಲೆಯುವ ಎಡೆಯಾಗಿದೆ. ಕಂಬ್ರಿಯಾ ಪ್ರಾಂತದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಗ್ರಾಮದವರು 1999ರಲ್ಲಿ ಊರಿನ ಬಿಯರ್ ಕಾರ್ಖಾನೆಯನ್ನೂ, 2003ರಲ್ಲಿ ಅದರ ಮುಂದಿನ ‘ಓಲ್ಡ್ ಕ್ರೌನ್’ ಪಾನಗೃಹವನ್ನೂ ಸಹಕಾರ ಸಂಘಗಳ ಮೂಲಕ ಕೊಂಡರು. ಬ್ರಿಟನ್ನಿನಲ್ಲಿ ಸಹಕಾರ ತತ್ವದ ಮೇಲೆ ಜನರ ಒಡೆತನಕ್ಕೆ ಬಂದ ಮೊದಲನೆಯ ಪಾನಗೃಹವೆಂದು ಇದು ಪ್ರಸಿದ್ಧವಾಗಿದೆ. ಯಾರ್ಕ್‌ಷೈರಿನ ಹಡ್ಸ್‌ವೆಲ್ ಗ್ರಾಮದಲ್ಲಿ 2008ರಲ್ಲಿ ಬಾಗಿಲು ಮುಚ್ಚಿದ್ದ ‘ಜಾರ್ಜ್ ಅಂಡ್ ಡ್ರ್ಯಾಗನ್’ ಪಾನಗೃಹವನ್ನು ಊರವರು 2010ರಲ್ಲಿ ಕೊಂಡು ತೆರೆದು, ಅದಕ್ಕೆ ಸೇರಿದಂತೆ ಒಂದು ಪುಸ್ತಕ ಭಂಡಾರವನ್ನೂ ಅಂಗಡಿಯನ್ನೂ ಇರಿಸಿದರು.

ಲಂಡನ್ ನಗರದ ನನ್‌ಹೆಡ್ ಬಡಾವಣೆಯ ‘ಐವಿ ಹೌಸ್’ 2012ರಲ್ಲಿ ಮುಚ್ಚಲ್ಪಟ್ಟಾಗ, ಸುತ್ತಣ ನಿವಾಸಿಗಳು ಸುಮ್ಮನೆ ಮರುಗುತ್ತ ಕೂಡಲಿಲ್ಲ. 2011ರ ಸ್ಥಳೀಯಾಧಿಕಾರ ಶಾಸನವು, ಊರಿಗೆ ಉಪಯುಕ್ತವೆಂದು ನಮೂದಾದ ಕಟ್ಟಡದ ಮಾರಾಟವನ್ನು ತಡೆದು, ಕೊಳ್ಳುವ ಸಿದ್ಧತೆಗಾಗಿ ಜನರಿಗೆ ಆರು ತಿಂಗಳ ಅವಕಾಶವನ್ನು ಕಲ್ಪಿಸಿತ್ತು. ಆ ಅವಧಿಯನ್ನು ಬಳಸಿಕೊಂಡು, ಸಾಲ, ಧನಸಹಾಯ ಮತ್ತು 371 ಮಂದಿ ಷೇರುದಾರರ ಹಣದಿಂದ, 2013ರಲ್ಲಿ 8,10,000 ಪೌಂಡುಗಳಿಗೆ ಅದನ್ನು ಕೊಂಡು ಪುನಃ ತೆರೆದರು.

ಈ ಜನರಲ್ಲಿ ಪರಸ್ಪರ ಪ್ರೀತಿವಿಶ್ವಾಸಗಳು ಇದ್ದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರ ಕಾರ್ಯವು ನಿಂತುದು ವಿಶ್ವಾಸವೊಂದರ ಮೇಲಲ್ಲ. ಸಂಘದಲ್ಲಿ ಹೆಚ್ಚು ಹಣ ಹಾಕಿದವನಿಗೂ ಕಡಿಮೆ ಹಾಕಿದವನಿಗೂ ಒಂದೊಂದೇ ಮತ. ನಷ್ಟವಾದರೆ ಸದಸ್ಯನು ಕಳೆದುಕೊಳ್ಳುವುದು ತಾನು ಕೊಟ್ಟ ಷೇರಿನ ಮೊಬಲಗನ್ನೇ ಹೊರತು ತನ್ನ ಮನೆಮಠವನ್ನಲ್ಲ. ಹೆಸ್ಕೆಟ್ ನ್ಯೂಮಾರ್ಕೆಟ್ಟಿನಲ್ಲಿ ಕಟ್ಟಡದ ಒಡೆತನವು ಸಂಘದ್ದು. ಅದನ್ನು ನಡೆಯಿಸುವ ಭಾರವು ಗೇಣಿದಾರರದು. ಒಡೆಯರೆಲ್ಲರೂ ಗಲ್ಲಾಪೆಟ್ಟಿಗೆಗೆ ಕೈಯಿಡುವ ಪದ್ಧತಿ ಅಲ್ಲಿಲ್ಲ.

ಸದುದ್ದೇಶವಿದ್ದ ಮಾತ್ರಕ್ಕೆ ಸಕಲವೂ ಸುಗಮವಾಗುವುದೆಂದೂ ಭಾವಿಸಬಾರದು. 2018ರಲ್ಲಿ ಅದೇ ‘ಐವಿ ಹೌಸ್’ನಲ್ಲಿ ನಾಲ್ವರು ಕೆಲಸಗಾರರನ್ನು ತೆಗೆದುಹಾಕಿದ ಕಾರಣ ನೌಕರರು ಮುಷ್ಕರ ಹೂಡಿದರು, ಕಡೆಗೆ ಆ ನಾಲ್ವರನ್ನೂ ಮರಳಿ ಸೇರಿಸಿಕೊಳ್ಳಬೇಕಾಯಿತು. ಒಡೆಯರು ನೂರಾರು ಮಂದಿಯಾದರೂ ಸರಿ, ನಾಲ್ವರು ಗೆಳೆಯರಾದರೂ ಸರಿ, ಲೋಟ ತೊಳೆಯುವವನ ಪಾಲಿಗೆ ಅವರು ಒಡೆಯರೇ ಎಂಬುದನ್ನು ಮರೆಯಲಾಗದು.

ಈಗ ನಮ್ಮ ಕಡೆಯ ರೀತಿಯನ್ನು ನೋಡೋಣ. ಇಲ್ಲಿ ಮಿತ್ರರು ಕೂಡಿ ವ್ಯಾಪಾರಕ್ಕಿಳಿಯುವಾಗ ಕರಾರುಪತ್ರವನ್ನು ಕೇಳುವುದೇ ಅವಿಶ್ವಾಸದ ಲಕ್ಷಣವೆಂಬ ದಾಕ್ಷಿಣ್ಯವು ಅಡ್ಡಬರುತ್ತದೆ. ಬರೆದುಕೊಳ್ಳದೆ ಬಿಟ್ಟುದನ್ನು 1932ರ ಪಾಲುದಾರಿಕೆ ಶಾಸನವು ತಾನೇ ತುಂಬಿಕೊಳ್ಳುತ್ತದೆಂಬುದು ಅನೇಕರಿಗೆ ತಿಳಿಯದು. ಬೇರೆ ಒಪ್ಪಂದವಿಲ್ಲದಿದ್ದರೆ ಲಾಭನಷ್ಟಗಳು ಸಮಪಾಲು. ಹಗಲಿರುಳು ದುಡಿದವನಿಗೆ ಆ ದುಡಿಮೆಗಾಗಿ ಪ್ರತ್ಯೇಕ ಸಂಬಳವಿಲ್ಲ. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬನೂ ಸಂಪೂರ್ಣವಾಗಿ ಹೊಣೆ. ಒಬ್ಬನು ಮೃತನಾದರೆ ಪಾಲುದಾರಿಕೆಯೇ ವಿಸರ್ಜನೆಯಾಗುವುದು. ಅವಧಿ ಗೊತ್ತುಮಾಡದ ಪಾಲುದಾರಿಕೆಯನ್ನು ಯಾವನೊಬ್ಬನಾದರೂ ಒಂದು ನೋಟೀಸಿನಿಂದ ಮುರಿಯಬಹುದು. ಸಂಸ್ಥೆಯು ನೋಂದಣಿಯಾಗದಿದ್ದರೆ, ಕರಾರಿನ ಹಕ್ಕುಗಳಿಗಾಗಿ ಪಾಲುದಾರನು ಸಂಸ್ಥೆಯ ಮೇಲಾಗಲಿ ಜೊತೆಗಾರರ ಮೇಲಾಗಲಿ ದಾವೆ ಹೂಡುವ ದಾರಿಯೂ ಮುಚ್ಚಿಹೋಗುತ್ತದೆ.

ಮದ್ಯವ್ಯಾಪಾರದಲ್ಲಿ ಇದಕ್ಕಿಂತಲೂ ದೊಡ್ಡ ಗಂಡಾಂತರವೊಂದಿದೆ. ಅಬಕಾರಿ ಸನ್ನದು ಸಾಮಾನ್ಯ ಸೊತ್ತಲ್ಲ. ಇಲಾಖೆಯ ಅಪ್ಪಣೆಯಿಲ್ಲದೆ ಅದನ್ನು ಕೈಬದಲಾಯಿಸಲಾಗದು. ಒಬ್ಬನ ಹೆಸರಿನಲ್ಲಿ ಸನ್ನದನ್ನಿಟ್ಟು ಉಳಿದವರು ಮರೆಯಲ್ಲಿ ನಿಂತು ಹಣ ಕೊಡುವ ಏರ್ಪಾಡು ಸುಲಭವಾಗಿ ಕಾಣಬಹುದು. ಆದರೆ ಸನ್ನದಿನ ನಿಯಮಗಳಿಗೆ ವಿರುದ್ಧವಾಗಿ ಕಟ್ಟಿಕೊಂಡ ಪಾಲುದಾರಿಕೆಯು ಶಾಸನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು ಬಿಹಾರಿಲಾಲ್ ಜೈಸ್ವಾಲ್ ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. ಶಾಸನಕ್ಕೆ ವಿರುದ್ಧವಾದ ಒಪ್ಪಂದವನ್ನು ಹಿಡಿದು ಯಾವ ಮುಖದಿಂದ ನ್ಯಾಯಾಲಯದ ಮೆಟ್ಟಿಲೇರಿ ಪಾಲು ಕೇಳುವುದು? ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಗಾದೆಯು ಇಂತಹ ಸಂದರ್ಭಕ್ಕೇ ಹುಟ್ಟಿದಂತಿದೆ.

ಜೊತೆಗೆ ಈ ವ್ಯಾಪಾರದ ಸ್ವಭಾವವೇ ಸಂಶಯಕ್ಕೆ ಎಡೆಗೊಡತಕ್ಕದ್ದು. ಚಿಲ್ಲರೆ ವಿಕ್ರಯ, ತೆರೆದ ಸೀಸೆ, ತಡರಾತ್ರಿಯ ಎಣಿಕೆ. ಒಬ್ಬ ಭಾಗಸ್ಥನು ತನ್ನ ಬಂಧುಗಳಿಗೆ ಬಿಟ್ಟಿಯಾಗಿ ಕೊಡಿಸುತ್ತಾನೆ; ಇನ್ನೊಬ್ಬನು ಕಡದ ಪಟ್ಟಿಯನ್ನು ಬೆಳೆಯಿಸುತ್ತಾನೆ; ಮೂರನೆಯವನು ದಾಕ್ಷಿಣ್ಯದಿಂದ ಬಾಯಿ ತೆರೆಯುವುದಿಲ್ಲ. ತಿಂಗಳ ಕೊನೆಯಲ್ಲಿ ಲೆಕ್ಕವು ಕೂಡದೆ ಹೋದಾಗ, ಕಳ್ಳತನ ನಡೆಯದಿದ್ದರೂ ಕಳ್ಳತನದ ಶಂಕೆಯು ಎಲ್ಲರ ನಡುವೆ ಬಂದು ಕೂಡುತ್ತದೆ.

ಸಹಕಾರವು ನಮಗೆ ಹೊರಗಿನಿಂದ ಕಲಿಯಬೇಕಾದ ವಿದ್ಯೆಯಲ್ಲ. 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಪತ್ತಿನ ಸಂಘವು ಸ್ಥಾಪಿತವಾಗಿ, ದೇಶಕ್ಕೇ ದಾರಿ ತೋರಿಸಿತು. ಒಬ್ಬರನ್ನೊಬ್ಬರು ಹುಟ್ಟಿನಿಂದ ಬಲ್ಲ ಒಂದೇ ಊರಿನ ರೈತರು ಕೂಡ, ಪರಿಚಯವಿದ್ದ ಮಾತ್ರಕ್ಕೆ ಪುಸ್ತಕ ಬೇಡವೆನ್ನದೆ, ಸಂಘವನ್ನು ನೋಂದಾಯಿಸಿ ನಿಯಮಕ್ಕೆ ತಲೆಬಾಗಿದರು. ಪೇಟೆಯ ವಿದ್ಯಾವಂತರು ಅವರಿಗಿಂತ ಹೆಚ್ಚು ಉದಾರರಾಗಿ ನಟಿಸುವ ಕಾರಣವಿಲ್ಲ.

ಆದಕಾರಣ ಇಂತಹ ಉದ್ಯಮಕ್ಕೆ ಕೈಹಾಕಲು ಮನಸ್ಸುಳ್ಳ ಮಿತ್ರರು ಮೊದಲು ಸನ್ನದಿನ ಷರತ್ತುಗಳನ್ನು ಓದಲಿ. ಎಲ್ಲರ ಹೆಸರುಗಳೂ ಇಲಾಖೆಯ ಒಪ್ಪಿಗೆಯಿಂದ ದಾಖಲೆಗೆ ಬರಲಿ. ಹೊಣೆಯನ್ನು ಮಿತಗೊಳಿಸಬೇಕೆನ್ನುವವರಿಗೆ 2008ರ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಶಾಸನವಿದೆ. ಯಾರು ಎಷ್ಟು ಕೊಡುವರು, ಯಾರು ದುಡಿಯುವರು, ಅವರಿಗೆ ಸಂಬಳವೆಷ್ಟು, ಬಿಟ್ಟಿ ಕೊಡುವ ಅಧಿಕಾರ ಯಾರಿಗೂ ಉಂಟೋ ಇಲ್ಲವೋ, ಬಿಟ್ಟುಹೋಗುವವನ ಪಾಲಿಗೆ ಬೆಲೆ ಕಟ್ಟುವ ಬಗೆ ಹೇಗೆ, ಸತ್ತವನ ಹೆಂಡಿರು ಮಕ್ಕಳಿಗೆ ಸಲ್ಲತಕ್ಕದ್ದೇನು, ಇವೆಲ್ಲವೂ ಮೊದಲ ರೂಪಾಯಿ ಕೈಬಿಡುವ ಮುನ್ನ ಬರೆಹಕ್ಕಿಳಿಯಲಿ. ಹೊರಗಿನ ಲೆಕ್ಕಪರಿಶೋಧಕನೊಬ್ಬನು ಪುಸ್ತಕಗಳನ್ನು ನೋಡಲಿ.

ಇಷ್ಟನ್ನು ಕೇಳಿದೊಡನೆ ಮುನಿಯುವ ಮಿತ್ರನು ಇದ್ದರೆ, ಅವನೊಡನೆ ಸ್ನೇಹವನ್ನು ಉಳಿಸಿಕೊಂಡು ವ್ಯಾಪಾರವನ್ನು ಬಿಡುವುದೇ ಲೇಸು. ಹೋದ ಹಣವನ್ನು ಮತ್ತೆ ದುಡಿಯಬಹುದು. ಇಪ್ಪತ್ತು ವರ್ಷಗಳ ಮಿತ್ರನನ್ನು ನ್ಯಾಯಾಲಯದ ಅಂಗಳದಲ್ಲಿ ಪ್ರತಿವಾದಿಯಾಗಿ ಕಂಡ ಮೇಲೆ, ಮತ್ತೆ ಗಳಿಸಿಕೊಳ್ಳುವ ಉಪಾಯವನ್ನು ಯಾವ ಶಾಸನವೂ ಹೇಳಿಕೊಡದು.