ಎರಡನೇ ಎಣಿಕೆ ಯಾವಾಗ?

ಗೋಮಾಳದಲ್ಲಿ ಯಾವ ಹುಲ್ಲು ಉಳಿದಿದೆ, ಕೆರೆಗೆ ಯಾವ ಹಕ್ಕಿ ಬರುತ್ತದೆ, ಅಕ್ಕಡಿ ಸಾಲಿನಲ್ಲಿ ಎಷ್ಟು ಬಗೆಯ ಕಾಳಿದೆ? ಇದನ್ನೆಲ್ಲ ಊರಿನವರೇ ಬರೆದಿಡಲೆಂದು ‘ಜನತಾ ಜೀವವೈವಿಧ್ಯ ದಾಖಲಾತಿ’ ಎಂಬ ಪುಸ್ತಕವಿದೆ. ಆ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್ ಪ್ರಮುಖರು. 2002ರ ಜೀವವೈವಿಧ್ಯ ಕಾಯ್ದೆ, 2004ರ ನಿಯಮಗಳು ಈ ಹೊಣೆಯನ್ನು ಪಂಚಾಯ್ತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ವಹಿಸಿದವು.

ವರ್ಷಗಟ್ಟಲೆ ಹೆಚ್ಚಿನ ಕಡೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದಾಗ ಎಲ್ಲರಿಗೂ ಒಮ್ಮೆಲೇ ಎಚ್ಚರವಾಯಿತು. ಈಗ ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ದಾಖಲಾತಿಗಳಿವೆ. ಲೆಕ್ಕ ಚುಕ್ತಾ! ಮುಂಗಾರಿನ ಕಪ್ಪೆ, ಚಳಿಗಾಲದ ವಲಸೆ ಹಕ್ಕಿ, ಬೇಸಿಗೆಯ ಹೂವು ಎಲ್ಲವನ್ನೂ ಕಾಣಲು ಒಂದು ವರ್ಷವಾದರೂ ಬೇಕು. ಗಡುವಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಅವಸರಕ್ಕಿಂತ ದೊಡ್ಡ ಲೋಪ, ದಾಖಲಾತಿಯನ್ನು ಒಮ್ಮೆ ಬರೆದು ಕಪಾಟಿಗೆ ಸೇರಿಸಿದ್ದು. ಅಂಗನವಾಡಿ ಕಾರ್ಯಕರ್ತೆ ಮಗುವನ್ನು ಒಮ್ಮೆ ತೂಗಿ ‘ಬೆಳೆದಿದೆ’ ಎಂದು ಬರೆಯುವುದಿಲ್ಲ, ತಿಂಗಳು ತಿಂಗಳೂ ತೂಗುತ್ತಾಳೆ. ನೆಲಕ್ಕೆ ಆ ಭಾಗ್ಯವಿಲ್ಲ. ನೆಟ್ಟ ಸಸಿ, ತೋಡಿದ ಕೃಷಿಹೊಂಡಗಳ ಸಂಖ್ಯೆಯೇ ವರದಿಗಳಲ್ಲಿ ‘ಹಸಿರು ಪ್ರಗತಿ’ಯಾಗಿ ಕೂರುತ್ತದೆ.

ಆ ಲೆಕ್ಕ ಎಲ್ಲಿಗೆ ಒಯ್ಯುತ್ತದೆಂದು ರಾಣೆಬೆನ್ನೂರನ್ನು ನೋಡಿ. 1974ರಲ್ಲಿ ಕೃಷ್ಣಮೃಗಕ್ಕೆಂದು ಅಭಯಾರಣ್ಯವಾದ ಹುಲ್ಲುಬಯಲಿನ ಬಹುಭಾಗದಲ್ಲಿ ನೀಲಗಿರಿ ಎದ್ದಿತು. ಗಿಡ ಎಣಿಸುವವರಿಗೆ ಅದು ಸಾಧನೆ. ಬಯಲನ್ನೇ ನಂಬಿದ ಎರ್ಲಡ್ಡು ಹಕ್ಕಿಗೆ ಮನೆ ಹೋದಂತೆ. ಇಂದು ರಾಜ್ಯದಲ್ಲಿ ಅದನ್ನು ಕಾಣಬೇಕೆಂದರೆ ಬಳ್ಳಾರಿಯ ಸಿರುಗುಪ್ಪಕ್ಕೇ ಹೋಗಬೇಕು, ಅಲ್ಲೂ ಬೆರಳೆಣಿಕೆಯಷ್ಟು.

ಮತ್ತೆ ಮತ್ತೆ ಎಣಿಸಿದರೆ ಸತ್ಯ ಹೊರಬರುತ್ತದೆ. ಹವ್ಯಾಸಿಗಳ ಟಿಪ್ಪಣಿಗಳನ್ನೇ ಆಧರಿಸಿದ 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ದೀರ್ಘಕಾಲದ ಮಾಹಿತಿಯಿರುವ 338 ಪ್ರಭೇದಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ ಎಂದಿತು. ಸಂಬಳವಿಲ್ಲದವರು ಇಷ್ಟು ಮಾಡಿದ್ದಾರೆ!

ಪಂಚಾಯ್ತಿಗೂ ಇದು ಕಷ್ಟವಲ್ಲ. ಪ್ರತಿವರ್ಷ ಅದೇ ಗೋಮಾಳ, ಅದೇ ತಿಂಗಳು, ಅದೇ ಕಾಲುಹಾದಿ, ಅದೇ ಹೊತ್ತು. ಹಕ್ಕಿ, ಕಪ್ಪೆ, ಚಿಟ್ಟೆಗಳನ್ನು ನಡೆಯುತ್ತ ಎಣಿಸುವುದು. ಒಂದು ಚದರ ಮೀಟರ್ ಚೌಕದೊಳಗೆ ಎಷ್ಟು ಬಗೆಯ ಹುಲ್ಲಿದೆ ಎಂದು ಬರೆಯುವುದು. ಗಿಡಗಂಟಿ ಬಲ್ಲ ಕುರಿಗಾಹಿಗೆ ದಿನಗೂಲಿ ಕೊಟ್ಟು ಜತೆಗೆ ಕರೆದೊಯ್ದರೆ ಅರ್ಧ ಕೆಲಸ ಮುಗಿದಂತೆ. ಸರ್ಕಾರ ಇದಕ್ಕೆ ಪ್ರತ್ಯೇಕ ಅನುದಾನ ಇಡಲಿ, ಎರಡನೇ ಎಣಿಕೆ ಆಗುವವರೆಗೆ ‘ಸುಧಾರಣೆ’ ಎಂಬ ಪದವನ್ನು ವರದಿಗಳಿಂದ ತೆಗೆಯಲಿ.

ಓದುಗರೇ, ಮುಂದಿನ ಗ್ರಾಮಸಭೆಯಲ್ಲಿ ಆ ಪುಸ್ತಕವನ್ನು ಕೇಳಿ ಪಡೆಯಿರಿ. ಕೊನೆಯ ನಮೂದಿನ ತಾರೀಖು ಯಾವುದೆಂದು ಗಟ್ಟಿಯಾಗಿ ಓದಿ ಹೇಳಿ.